ಅಜ್ಜಿಗೆ ಗೊತ್ತಾಗದ ಏರು

ಮೇಲುಕೋಟೆಯ ಏರಿನಲ್ಲಿ ನಾನು ಸೀಟು ಬಿಟ್ಟೆದ್ದು, ನಿಂತು ಪೆಡಲ್ ತುಳಿಯುತ್ತಿದ್ದೆ. ಮುಂದೆ ವಯಸ್ಸಾದವರೊಬ್ಬರು ಕೂತೇ ತುಳಿಯುತ್ತಿದ್ದರು. ಹಿಂದಿನ ಕ್ಯಾರಿಯರ್ ಮೇಲೆ, ಕಣ್ಣಿಗೆ ಹಸಿರು ಬಟ್ಟೆ ಕಟ್ಟಿದ್ದ ಅವರ ಹೆಂಡತಿ ಗಂಡನ ಬೆನ್ನಿಗೆ ಕೆನ್ನೆಯಾನಿಸಿ ಕೂತಿದ್ದರು.

"ಎದ್ದು ತುಳೀರಿ ಯಜಮಾನ್ರೇ, ಸಲೀಸಾಗ್ತದೆ" ಎಂದೆ.

"ಎದ್ರೆ ಸೈಕಲ್ಲು ವಾಲಾಡ್ತದೆ ಕಣಪ್ಪ. ನೆನ್ನೆ ಇವ್ಳ ಕಣ್ಣಾಪ್ರೇಸನ್ ಆಗ್ಯದೆ, ಕುಲುಕ್ಬ್ಯಾಡಿ ಅಂದವ್ರೆ ಡಾಕ್ಟ್ರು."

ಅವರ ಕಾಲು ನಡುಗುತ್ತಿತ್ತು. ಹ್ಯಾಂಡಲ್ ಮಾತ್ರ ಅಲುಗಲಿಲ್ಲ. ಅವರನ್ನು ದಾಟಿ ಹೋಗಲು ಮನಸ್ಸಾಗದೆ, ಇಳಿದು ಹಿಂದೆಯೇ ನಡೆದೆ. ಏರು ಮುಗಿದು ಊರು ಸಿಕ್ಕಾಗ ಅಜ್ಜಿ ಕೇಳಿದರು: "ಏರು ಇನ್ನೂ ಬರ್ನಿಲ್ವಾ?"

ಇದು ತೊಂಬತ್ತರ ದಶಕದ ಮಾತು. ಆಮೇಲೆ ಎಷ್ಟೋ ಸಲ ಹೆಂಡತಿಯನ್ನು ಕೂರಿಸಿಕೊಂಡು ಅದೇ ಏರನ್ನು ಕೂತೇ ಹತ್ತಲು ನೋಡಿದೆ. ಪ್ರತಿ ಸಲವೂ ಅರ್ಧ ದಾರಿಯಲ್ಲೇ ಅವಳು ಇಳಿದು ತಳ್ಳಬೇಕಾಯಿತು.