ಖಾಲಿ ಕ್ಯಾನಿನ ವಾಕಿಂಗು

ಮೊಮ್ಮಕ್ಕಳೇ, ಎರಡು ತಿಂಗಳಿಂದ ನಾನು ದಿನಾ ಬೆಳಿಗ್ಗೆ ಹಾಲಿನ ಕ್ಯಾನು ಹಿಡಿದು ಡೇರಿಯವರೆಗೆ ಹೋಗಿ ಬರುತ್ತಿದ್ದೇನೆ. ಹಸು? ಅದನ್ನು ಮಾರಿ ಎರಡು ವರ್ಷವಾಯಿತು.

ತಪ್ಪು ನನ್ನದಲ್ಲ, ಡಾಕ್ಟರಮ್ಮನದು. ನಿಮ್ಮ ಹೊಸಕೋಟೆ ಕಡೆಯ ವಿಜಯಪುರದಲ್ಲಿ ರೇಷ್ಮೆಗೂಡು ಬೇಯಿಸುವ ಒಲೆಯ ಹೊಗೆಯನ್ನು ಇಪ್ಪತ್ತು ವರ್ಷ ಕುಡಿದ ನನ್ನ ಶ್ವಾಸಕೋಶ ಈಗ ಕಮ್ಮಾರನ ಹರಿದ ತಿದಿ.

"ಔಷಧಿ ಜೊತೆಗೆ ಎಕ್ಸರ್‌ಸೈಜೂ ಬೇಕು ಅಜ್ಜಿ. ಆಸ್ಪತ್ರೆಗೆ ಬಂದು ಮಾಡ್ತೀರಾ, ಮನೇಲಿ ಮೊಬೈಲ್ ನೋಡ್ಕೊಂಡು ಮಾಡ್ತೀರಾ, ಇಲ್ಲ ವಾಕಿಂಗಾ? ಮೊದ್ಲು ಹೇಳಿ, ಏನು ಮಾಡೋ ಹಂಗಾಗ್ಬೇಕು ನಿಮ್ಗೆ?"

ಜೊತೆಗೆ ಬಂದಿದ್ದ ನಿಮ್ಮ ಮಾವ ಬಾಯಿ ತೆರೆದ. "ನಿಮ್ಮನ್ನಲ್ಲ ಕೇಳಿದ್ದು" ಎಂದರು ಡಾಕ್ಟರಮ್ಮ. (ನನ್ನನ್ನು! ಮದುವೆಗೂ ಯಾರೂ ಹೀಗೆ ಕೇಳಿರಲಿಲ್ಲ.)

"ಹೊಸಕೋಟೇಲಿ ಮಗಳ ಮನೆ ಎರಡನೇ ಮಹಡೀಲೈತೆ. ಮೆಟ್ಟಿಲು ಹತ್ಬೇಕು. ವಾಕಿಂಗೇ ಮಾಡ್ತೀನಿ" ಎಂದೆ.

"ಸರಿ. ಮಾತಾಡ್ಕೊಂಡು ನಡೀರಿ. ಮಾತಾಡೋಕೆ ಉಸಿರು ಸಾಲ್ದಿದ್ರೆ ನಿಂತು ಸುಧಾರಿಸ್ಕೊಳ್ಳಿ."

ಹೇಳುವುದು ಸುಲಭ. ಗಂಡನಿಲ್ಲದ ಹೆಂಗಸು ಊರಲ್ಲಿ ಕೈಬೀಸಿಕೊಂಡು ಸುಮ್ಮನೆ ನಡೆಯುವುದುಂಟೆ? ಎಲ್ಲಿಗೆ, ಯಾಕೆ, ಯಾರಿಗೇನಾಯ್ತು ಅಂತ ಬಾಗಿಲು ಬಾಗಿಲಲ್ಲೂ ವಿಚಾರಣೆ. ಅದಕ್ಕೇ ಕ್ಯಾನು. ಮಾತಾಡಲು ಜನ ಇಲ್ಲವಲ್ಲ, ಅದರ ಜೊತೆಗೇ ಮಾತಾಡಿದೆ. ಒಳ್ಳೆಯ ಕ್ಯಾನು. ಎದುರು ಮಾತಿಲ್ಲ.

ಎಂಟನೇ ದಿನ ಡೇರಿಯ ಸಿದ್ದಪ್ಪ ಹಿಡಿದ.

"ಏನಕ್ಕಾ, ದಿನಾ ಬರ್ತೀಯ, ಹಾಲು ಮಾತ್ರ ಹಾಕಲ್ಲ. ಕ್ಯಾನಲ್ಲಿ ಏನೈತೆ?"

ನಾಚಿಕೆಯಿಂದ ಸುಳ್ಳೂ ಹೊಳೆಯಲಿಲ್ಲ. "ಗಾಳಿ" ಎಂದೆ.

"ಕೊಡಕ್ಕ ಇಲ್ಲಿ, ಫ್ಯಾಟ್ ಎಷ್ಟೈತೆ ನೋಡಾನ!"

ಹಾಲು ಹಾಕಲು ನಿಂತವರೆಲ್ಲ ನಕ್ಕರು. ನಾನೂ ನಕ್ಕೆ. ಕೆಮ್ಮು ಬಂತು, ನಿಂತೆ. ಸುಧಾರಿಸಿಕೊಂಡು ವಿಷಯವೆಲ್ಲ ಹೇಳಿಬಿಟ್ಟೆ. ಮರುದಿನ ಪಕ್ಕದ ಮನೆ ಪುಟ್ಟಮ್ಮ ಜೊತೆಗೆ ಹೊರಟಳು. (ಅವಳಿಗೆ ಶುಗರ್.) ಅವಳ ಕೈಯಲ್ಲೂ ಖಾಲಿ ಕ್ಯಾನು! ಈಗ ದಾರಿಯುದ್ದಕ್ಕೂ ಅವಳದೇ ಮಾತು. ನಾನು ಉಸಿರಾಡಿಕೊಂಡರೆ ಸಾಕು.

ಹೋದ ಭಾನುವಾರ ನಿಮ್ಮ ಮನೆ ಮೆಟ್ಟಿಲು ಹತ್ತಿದೆ. ಮೂರು ಕಡೆ ನಿಂತೆ, ನಿಜ. ಆದರೆ ಯಾರೂ ಕೈ ಹಿಡಿಯಲಿಲ್ಲ. ಬಾಗಿಲು ತೆರೆದ ನೀವೋ, "ಅಜ್ಜಿ, ಹತ್ಕೊಂಡು ಬಂದ್ಬಿಟ್ಯಾ!" ಎನ್ನುವ ಬದಲು "ಅಯ್ಯೋ, ಕ್ಯಾನ್ ಯಾಕೆ ತಂದೆ?" ಎಂದು ಬಿದ್ದು ಬಿದ್ದು ನಕ್ಕಿರಿ.

ನಗಿ, ನಗಿ. ಮಗಳ ಮನೆಯೇ ಆಗಲಿ, ಸುಮ್ಮಸುಮ್ಮನೆ ಹೇಗೆ ಬರುವುದು?