ಚೆಟ್ ವ್ರೋನಾ ಬೈಯದ ಶುಕ್ರವಾರ

ಅಮೆರಿಕದ ಲ್ಯಾಕವಾನಾ ಊರಿನಲ್ಲಿ ಫುಟ್‌ಬಾಲ್ ತಂಡವನ್ನು ಬೈಯದವರು ಯಾರೂ ಇಲ್ಲ. ಆದರೆ ಊರೆಲ್ಲ ಬೈಯುವುದು ಒಂದು ತೂಕವಾದರೆ ಚೆಟ್ ವ್ರೋನಾ ಬೈಯುವುದೇ ಇನ್ನೊಂದು ತೂಕ. ಉಳಿದವರು ತಂಡ ಸೋತ ದಿನ ಬೈದು ಮಲಗುತ್ತಾರೆ. ಚೆಟ್ ಗೆದ್ದ ದಿನವೂ ಬೈಯುತ್ತಿದ್ದ, ಇನ್ನೂ ದೊಡ್ಡದಾಗಿ ಗೆಲ್ಲಬಹುದಿತ್ತು ಎಂಬುದು ಅವನ ತಕರಾರು. ಹರೆಯದಲ್ಲಿ ಉಕ್ಕಿನ ಕಾರ್ಖಾನೆಯ ಕುಲುಮೆಯ ಮುಂದೆ ನಿಂತು ಬೈದ. ಕಾರ್ಖಾನೆ ಮುಚ್ಚಿದ ಮೇಲೆ ಹಿಮ ತೆಗೆಯುವ ಲಾರಿಯ ಕಿಟಕಿ ಇಳಿಸಿ, ಸರೋವರದಿಂದ ಬೀಸುವ ಗಾಳಿಗೆ ಬೈದ. ನಿವೃತ್ತನಾದ ಮೇಲೆ ಅಡುಗೆಮನೆಯಲ್ಲಿ ಕುಳಿತು, ಹೆಂಡತಿ ಅರ್ಲೀನ್ ಆಲೂಗಡ್ಡೆ ಸುಲಿಯುತ್ತಿದ್ದರೆ ಅವಳ ಬೆನ್ನಿಗೆ ಬೈದ. ಆಟದಲ್ಲಿ ಎಳ್ಳಷ್ಟೂ ಆಸಕ್ತಿಯಿಲ್ಲದ ಅವಳು "ಹೂಂ" ಎನ್ನುತ್ತಾ ಸುಲಿಯುತ್ತಿದ್ದಳು.

ಆ ಬೈಗುಳಕ್ಕೂ ಒಂದು ಕ್ರಮವಿತ್ತು. ಮೊದಲು ತಂಡದ ಮಾಲೀಕ, ಆಮೇಲೆ ಆಟಗಾರರನ್ನು ಕೊಳ್ಳುವ ಮ್ಯಾನೇಜರ್, ಆಮೇಲೆ ಕೋಚ್. ಕೊನೆಯ ಮಂಗಳಾರತಿ ಚೆಂಡು ಒದೆಯುವವನಿಗೆ, ಅವನು ತಪ್ಪು ಮಾಡಿರಲಿ ಬಿಡಲಿ. ಹೊಲಸು ಮಾತು ಒಂದೂ ಬರುತ್ತಿರಲಿಲ್ಲವಾದ್ದರಿಂದ ಚರ್ಚಿನ ಪಾದ್ರಿಗಳೂ ನಿಂತು ಕೇಳಿ ಹೋಗುತ್ತಿದ್ದರು.

ಅಂಥವನು ಈ ವರ್ಷ ಈಸ್ಟರ್‌ಗೆ ಮುಂಚಿನ ತಪಸ್ಸಿನ ಕಾಲ ಶುರುವಾದಾಗಿನಿಂದ ತುಟಿ ಪಿಟಿಕ್ಕೆಂದಿರಲಿಲ್ಲ.

ಕಾರಣ ಅವನೊಬ್ಬನಿಗೇ ಗೊತ್ತು. ಚಳಿಗಾಲದ ಕೊನೆಗೆ ಅರ್ಲೀನಳ ಹೊಟ್ಟೆಯಲ್ಲಿ ಗಡ್ಡೆ ಕಾಣಿಸಿಕೊಂಡಿತು. ಆಪರೇಷನ್ ಎಂದರು. ಅವಳನ್ನು ಒಳಗೆ ಕರೆದೊಯ್ಯುವ ಹೊತ್ತಿಗೆ ಚೆಟ್‌ಗೆ ಹಾಸಿಗೆಯ ಪಕ್ಕ ನಿಲ್ಲಲಾಗಲಿಲ್ಲ. ಕಾಫಿ ತರುತ್ತೇನೆಂದು ಸುಳ್ಳು ಹೇಳಿ ಹೊರಬಂದು, ಗೋಡೆಗೆ ಹಣೆ ಹಚ್ಚಿ ಮಾತೆ ಮರಿಯಾಳಿಗೆ ಹರಕೆ ಹೊತ್ತ. ಏನು ಬಿಡುವುದು? ಬಿಯರನ್ನು ಡಾಕ್ಟರು ಬಿಡಿಸಿ ವರ್ಷಗಳಾಗಿದ್ದವು. ಸಿಹಿ ಅವನಿಗೆ ಮೊದಲೇ ಸೇರದು. ಇಲ್ಲದ್ದನ್ನು ದಾನ ಕೊಟ್ಟರೆ ದೇವರ ತಾಯಿಗೆ ಗೊತ್ತಾಗದೆ ಇರುತ್ತದೆಯೇ? ಉಳಿದಿದ್ದು ಒಂದೇ. 'ಇವಳನ್ನು ಉಳಿಸಿಕೊಡು ತಾಯಿ, ಈಸ್ಟರ್ ಬರುವ ತನಕ ತಂಡದ ಮೇಲೆ ಒಂದು ಕೆಟ್ಟ ಮಾತು ಆಡುವುದಿಲ್ಲ' ಎಂದ.

ಗಡ್ಡೆ ಪೂರ್ತಿ ಹೊರಬಂತು, ಈಸ್ಟರ್ ಕಳೆದ ಮೇಲೆ ಇನ್ನೊಮ್ಮೆ ಸ್ಕ್ಯಾನ್ ಮಾಡಿ ನೋಡೋಣ, ಈಗ ಹೆದರುವಂಥದ್ದೇನಿಲ್ಲ ಎಂದರು ಡಾಕ್ಟರು. ಅರ್ಲೀನ್ ಮನೆಗೆ ಬಂದಳು. ಬಾಯಿಬಿಟ್ಟು ಹೇಳಿದ ಹರಕೆ ಫಲಿಸುವುದಿಲ್ಲ ಎಂದು ಪೋಲೆಂಡಿನಿಂದ ಬಂದ ಅಜ್ಜಿ ಕಲಿಸಿದ್ದರಿಂದ ಚೆಟ್ ಯಾರಿಗೂ ಹೇಳಲಿಲ್ಲ, ಹೆಂಡತಿಗೂ. ಆ ಸ್ಕ್ಯಾನ್ ಮುಗಿಯುವವರೆಗೆ ಅವಳ ಜೀವ ತನ್ನ ನಾಲಗೆಯ ತುದಿಯಲ್ಲಿದೆ ಎಂದೇ ಅವನು ನಂಬಿದ್ದ. ನಗುವವರು ನಗಲಿ, ನಂಬಿದ್ದಂತೂ ನಿಜ.

ಈ ತಪಸ್ಸಿನ ಕಾಲದ ಶುಕ್ರವಾರಗಳಲ್ಲಿ ಮಾಂಸವಿಲ್ಲ, ಮೀನಿಗೆ ಮಾತ್ರ ಅಡ್ಡಿಯಿಲ್ಲ. ಹಾಗಾಗಿ ಊರಿಗೆ ಊರೇ ಅಗ್ನಿಶಾಮಕ ಠಾಣೆಯ ಸಭಾಂಗಣದಲ್ಲಿ ಕರಿದ ಮೀನು ತಿನ್ನಲು ಸೇರುತ್ತದೆ. ಆ ಶುಕ್ರವಾರವೂ ಸೇರಿತ್ತು. ಬಾಣಲೆಯ ಹತ್ತಿರ ಮೈಕ್ ಮಲ್ವೇನಿ ಇದ್ದ. ಕಾರ್ಖಾನೆಯ ಕಾಲದಿಂದಲೂ ಚೆಟ್‌ನ ಗೆಳೆಯ. ಚೆಟ್‌ನ ಬಾಯಿ ಮುಚ್ಚಿದ್ದರಿಂದ ಊರಿನಲ್ಲಿ ಅತಿ ಹೆಚ್ಚು ಬೇಜಾರು ಪಟ್ಟುಕೊಂಡವನು ಅವನೇ. ಒಂದು ಕೈಯಲ್ಲಿ ಮೀನು ಎತ್ತುವ ಜಾಲರಿ, ಇನ್ನೊಂದರಲ್ಲಿ ಫೋನು ಹಿಡಿದಿದ್ದ ಅವನು ಇದ್ದಕ್ಕಿದ್ದಂತೆ ಕೂಗಿದ.

"ಏಯ್, ಕೇಳ್ರೋ! ನಮ್ಮೋರು ಆಟಗಾರರನ್ನ ಅದಲುಬದಲು ಮಾಡ್ಕೊಂಡ್ರು! ಜಮಾರಿ ಓಕ್ಸ್ ಅಂತೆ, ಕಾರ್ನರ್‌ಬ್ಯಾಕ್ ಅಂತೆ, ಬರೀ ಇಪ್ಪತ್ತೆರಡು ವರ್ಷ!"

ಕಾರ್ನರ್‌ಬ್ಯಾಕ್ ಎಂದರೆ, ಚೆಂಡನ್ನು ಕೈಯಲ್ಲೇ ಹಿಡಿದು ಓಡುವ ಆ ಅಮೆರಿಕದ ಆಟದಲ್ಲಿ, ಎದುರು ತಂಡದ ಓಟಗಾರನ ನೆರಳಿನಂತೆ ಓಡಿ, ಅವನ ಕೈಗೆ ಚೆಂಡು ಸಿಗದ ಹಾಗೆ ತಡೆಯುವವನು. ಅಂಥವನಿಲ್ಲದೆ ತಂಡ ಹತ್ತಾರು ಪಂದ್ಯಗಳನ್ನು ಕೈಚೆಲ್ಲಿತ್ತು. ಸಭಾಂಗಣದ ಕಿರಿಯರು ಮೇಜು ಬಡಿದರು.

"ಕೊಟ್ಟಿದ್ದೇನು ಅದನ್ನ ಹೇಳು ಮೊದ್ಲು," ಎಂದರು ಹಿರಿಯರು.

ಮಲ್ವೇನಿ ಫೋನಿನ ಮೇಲಿನ ಎಣ್ಣೆ ಒರೆಸಿ ಓದಿದ. "ಮುಂದಿನ ತಿಂಗಳ ಹೊಸ ಆಟಗಾರರ ಆಯ್ಕೇಲಿ ಮೊದಲ ಸುತ್ತಲ್ಲಿ ಒಬ್ಬನ್ನ ಆರಿಸ್ಕೊಳ್ಳೋ ನಮ್ಮ ಸರದಿ ಹೋಯ್ತು. ಮತ್ತೆ... ಅಯ್ಯೋ ದೇವ್ರೇ. ಬಾಸ್ಕಮ್‌ನೂ ಕೊಟ್ಟುಬಿಟ್ರು."

ಟ್ರೆಂಟ್ ಬಾಸ್ಕಮ್! ಒಂಬತ್ತು ವರ್ಷ ತಂಡದ ಕೋಟೆಗೋಡೆಯಾಗಿದ್ದವನು. ಹಿಮ ಬಿದ್ದಾಗ ತನ್ನ ಬೀದಿಯ ಮುದುಕರ ಬಾಗಿಲ ಮುಂದಿನ ಹಿಮವನ್ನು ತಾನೇ ತೆಗೆದುಕೊಡುತ್ತಿದ್ದವನು. ಚೆಟ್ ಈ ಜನ್ಮದಲ್ಲಿ ಬೈಯದೆ ಬಿಟ್ಟ ಒಬ್ಬನೇ ಆಟಗಾರ.

ಇಡೀ ಸಭಾಂಗಣ ಚೆಟ್‌ನ ಕಡೆಗೆ ತಿರುಗಿತು. ಸಾಲಿನಲ್ಲಿದ್ದವರು ತಟ್ಟೆ ಹಿಡಿದುಕೊಂಡೇ ಹತ್ತಿರ ಬಂದರು. ಚೆಟ್‌ನ ಕಿವಿ ಕೆಂಪಾಯಿತು, ಕತ್ತಿನ ನರ ಉಬ್ಬಿತು.

"ಹುಡುಗ ಚೆನ್ನಾಗಿ ಓಡ್ತಾನೆ ಅಂತ ಕೇಳಿದೀನಿ," ಎಂದ ಚೆಟ್.

"ಏನಂದೆ?" ಎಂದ ಮಲ್ವೇನಿ.

"ಚಿಕ್ಕ ವಯಸ್ಸು. ಕಲೀತಾನೆ."

"ಲೋ, ಬಾಸ್ಕಮ್ ಹೋದ ಕಣೋ! ಕೇಳಿಸ್ತಾ ಇದ್ಯಾ? ಅಥವಾ ಕಿವಿಗೂ ಉಪವಾಸಾನಾ?"

ಜನ ಗೊಳ್ಳೆಂದು ನಕ್ಕರು. ಚೆಟ್ ಒಂದು ಮುಷ್ಟಿ ಎಲೆಕೋಸಿನ ಕೋಸಂಬರಿಯನ್ನು ಬಾಯಿಗೆ ತುರುಕಿದ. ತುಂಬಿದ ಬಾಯಿಗಿಂತ ಒಳ್ಳೆಯ ಬೀಗವಿಲ್ಲ. ಆದರೆ ಮಲ್ವೇನಿ ಉರಿಯುವ ಬೆಂಕಿಗೆ ತುಪ್ಪ ಸುರಿಯುವುದರಲ್ಲಿ ಪಳಗಿದ ಕೈ.

"ಇಲ್ಲಿ ಇನ್ನೂ ಇದೆ ಕೇಳು. ಆ ಹುಡುಗನ ಮಂಡಿಗೆ ಕಳೆದ ಶರತ್ಕಾಲದಲ್ಲಿ ಆಪರೇಷನ್ ಆಗಿದೆಯಂತೆ! ಈಗ ಏನಂತೀಯಾ?"

ಚೆಟ್ ಎಲೆಕೋಸು ನುಂಗಿದ. ಅದರ ಜೊತೆಗೆ ಇನ್ನೂ ಏನೇನೋ ನುಂಗಿದ. "ಆಪರೇಷನ್ ಆದೋರೆಲ್ಲ ವಾಸಿ ಆಗ್ತಾರೆ," ಎಂದ.

ಎದುರಿಗೆ ಕುಳಿತಿದ್ದ ಅರ್ಲೀನ್ ಫೋರ್ಕನ್ನು ತಟ್ಟೆಯ ಮೇಲಿಟ್ಟಳು. ಅವಳ ಮುಖದಲ್ಲಿ ರಕ್ತವಿರಲಿಲ್ಲ. "ಚೆಟ್, ಸ್ವಲ್ಪ ಹೊರಗೆ ಬಾ," ಎಂದಳು.

ಪಕ್ಕದ ಶೆಡ್ಡಿನಲ್ಲಿ ಬೆಂಕಿ ಆರಿಸುವ ಗಾಡಿ ನಿಂತಿತ್ತು. ಅದರ ದೊಡ್ಡ ಚಕ್ರದ ಪಕ್ಕ ನಿಂತು ಅರ್ಲೀನ್ ಗಂಡನ ಕೋಟಿನ ಗುಂಡಿ ಹಿಡಿದುಕೊಂಡಳು.

"ಡಾಕ್ಟರು ನಿನಗೆ ಏನು ಹೇಳಿದ್ರು? ನಿಜ ಹೇಳು."

"ಏನ್ ಹೇಳಿದ್ರು? ನಿನಗೆ ಹೇಳಿದ್ದೇ ನನಗೂ ಹೇಳಿದ್ರು."

"ಸುಳ್ಳು ಹೇಳ್ಬೇಡ. ಆಸ್ಪತ್ರೆಯಿಂದ ಬಂದಾಗಿನಿಂದ ನೋಡ್ತಾ ಇದೀನಿ. ನಾನು ಹೇಳದೇನೇ ಪಾತ್ರೆ ಒರೆಸ್ತೀಯ. ಆ ಕೋಚ್‌ನ ಇನ್ನೂ ಮೂರು ವರ್ಷ ಇಟ್ಕೊಂಡ್ರು ಅಂತ ಟೀವೀಲಿ ಬಂದಾಗ 'ಪಾಪ, ಅವನಿಗೂ ಹೆಂಡ್ತಿ ಮಕ್ಕಳಿದಾರೆ' ಅಂದೆ. ಆವತ್ತೇ ನನಗೆ ಎದೆ ಧಸಕ್ ಅಂತು. ಈಗ ಬಾಸ್ಕಮ್ ಹೋದ್ರೂ ಸುಮ್ನಿದೀಯ! ಸಾಯೋರ ಮುಂದೆ ಮಾತ್ರ ಜನ ಹೀಗೆ ಒಳ್ಳೆಯೋರಾಗೋದು ಚೆಟ್. ನಾನು ಸಾಯ್ತಾ ಇದೀನಾ?"

ಇಷ್ಟು ದಿನ ಇವಳು ಇದನ್ನು ಒಳಗಿಟ್ಟುಕೊಂಡು ಮಲಗುತ್ತಿದ್ದಳೇ? ಅವಳನ್ನು ಉಳಿಸಲು ತಾನು ಮುಚ್ಚಿಕೊಂಡ ಬಾಯಿಯೇ ಅವಳನ್ನು ಕೊಲ್ಲುತ್ತಿತ್ತು.

"ಇಲ್ಲ ಕಣೆ. ಗಡ್ಡೆ ಪೂರ್ತಿ ಹೊರಗೆ ಬಂತು ಅಂದ್ರು. ಆಣೆಗೂ."

"ಹಾಗಾದ್ರೆ ಬೈ."

"ಏನು?"

"ಮ್ಯಾನೇಜರನ್ನ ಬೈ. ಈಗಲೇ. ನನ್ನ ಕಣ್ಣು ನೋಡ್ಕೊಂಡು ಬೈ, ನಂಬ್ತೀನಿ."

ಚೆಟ್ ಬಾಯಿ ತೆರೆದ. ಮಾತುಗಳು ಗಂಟಲಿನಲ್ಲಿ ಸಾಲುಗಟ್ಟಿ ನಿಂತಿದ್ದವು. ಆದರೆ ಈಸ್ಟರ್ ಇನ್ನೂ ದೂರವಿತ್ತು, ಸ್ಕ್ಯಾನ್ ಅದರಾಚೆಗಿತ್ತು. ಬಾಯಿ ಮುಚ್ಚಿದ. ಅವಳ ಕಣ್ಣು ತುಂಬಿದ್ದನ್ನು ಕಂಡು ಮತ್ತೆ ತೆರೆದ. ಕೊನೆಗೆ ಬೈಗುಳದ ಬದಲು ಹರಕೆಯ ಕತೆ ಹೊರಬಂತು. ಕಾಫಿಯ ಸುಳ್ಳು, ಆಸ್ಪತ್ರೆಯ ಗೋಡೆ, ಮಾತೆ ಮರಿಯಾ, ಈಸ್ಟರ್, ಎಲ್ಲವನ್ನೂ ಒದರಿಬಿಟ್ಟ. "ಹೇಳಿದ್ರೆ ಫಲಿಸಲ್ಲ ಅಂತ ಅಜ್ಜಿ ಅಂದಿದ್ಳು. ಈಗ ಹೇಳಿಬಿಟ್ಟೆ," ಎಂದು ಎಪ್ಪತ್ತು ದಾಟಿದ ಆ ಗಂಡಸು ಗಾಡಿಯ ಚಕ್ರಕ್ಕೆ ಒರಗಿ ಅತ್ತ.

ಆಗ ಅರ್ಲೀನಳಿಗೆ ಬಂದ ಸಿಟ್ಟು ನೋಡಬೇಕಿತ್ತು.

"ನನ್ನ ಜೀವಾನ ಆ ದರಿದ್ರ ತಂಡಕ್ಕೆ ಕಟ್ಟಿದ್ಯಾ? ಬೇರೆ ಏನೂ ಸಿಗಲಿಲ್ವಾ ನಿನಗೆ? ಜನ್ಮದಲ್ಲಿ ಒಂದು ಕಪ್ ಗೆಲ್ಲದೋರಿಗೆ?"

"ನನ್ನ ಹತ್ರ ಬಿಡೋಕೆ ಬೇರೆ ಏನಿತ್ತು ಅರ್ಲೀನ್?"

ಅವನ ಕೆನ್ನೆಯನ್ನು ಕೋಟಿನ ತೋಳಿನಿಂದ ಒರಟಾಗಿ ಒರೆಸಿದಳು. "ಹೇಳಿದ್ರೆ ಫಲಿಸಲ್ಲ ಅಂದಿದ್ದು ನಿಮ್ಮಜ್ಜಿ, ಮಾತೆ ಮರಿಯಾ ಅಲ್ಲ. ತಂಡಾನ ಬೈಯಲ್ಲ ಅಂತ ನೀನು ಅವಳಿಗೆ ಮಾತು ಕೊಟ್ಟೆ, ಬೈಬೇಡ. ಈಸ್ಟರ್ ತನಕ ಒಂದು ಮಾತೂ ಆಡ್ಬೇಡ. ಆದ್ರೆ ನಾನು ಯಾರಿಗೂ ಮಾತು ಕೊಟ್ಟಿಲ್ಲ."

ಹೀಗೆಂದವಳೇ ಒಳಗೆ ನಡೆದು, ಮಲ್ವೇನಿಯ ಕೈಯಿಂದ ಜಾಲರಿ ಕಿತ್ತುಕೊಂಡು ಬಾಣಲೆಯ ಅಂಚಿಗೆ ಬಡಿದಳು. ಸಭಾಂಗಣ ಗಪ್‌ಚಿಪ್ಪಾಯಿತು. ಅರ್ಲೀನ್ ವ್ರೋನಾ ನಾಲ್ಕು ಜನರೆದುರು ದನಿಯೆತ್ತಿದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ.

"ಕೇಳ್ರಪ್ಪಾ!" ಎಂದಳು. "ಮೊದಲು ಆ ಮಾಲೀಕ. ದೇವರು ಬುದ್ಧಿ ಹಂಚೋವಾಗ ಆ ಮಹಾನುಭಾವ ಜರಡಿ ಹಿಡ್ಕೊಂಡು ಹೋಗಿದ್ದ! ಆಮೇಲೆ ಮ್ಯಾನೇಜರ್. ಮನೆ ಬಾಗಿಲು ಮಾರಿ ಚಿಲಕ ತಂದಿದಾನೆ, ಅದೂ ಮುರಿದ ಚಿಲಕ! ಬಾಸ್ಕಮ್ ಅಂಥೋನನ್ನ ಕೊಟ್ಟು ಮಂಡಿ ಹೊಲಿಸ್ಕೊಂಡಿರೋ ಹುಡುಗನ್ನ ತರೋನು ನಾಳೆ ತನ್ನ ಅಮ್ಮನ್ನ ಕೊಟ್ಟು ಉಯ್ಯಾಲೆ ಕುರ್ಚಿ ತರ್ತಾನೆ!"

ಜನ ಮೇಜು ಬಡಿದು ಕೂಗಿದರು. ಮಲ್ವೇನಿ ಕೈಮುಗಿದು ನಿಂತಿದ್ದ. ಬಾಗಿಲ ಬಳಿ ಚೆಟ್ ಬೆರಗಾಗಿ ನಿಂತ. ಎಲ್ಲವೂ ಅವನದೇ ಮಾತು, ಅವನದೇ ಏರಿಳಿತ, ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲೇ ತೆಗೆದುಕೊಳ್ಳುತ್ತಿದ್ದಳು. ಆಲೂಗಡ್ಡೆ ಸುಲಿಯುತ್ತಾ ಬರೀ ಹೂಂಗುಟ್ಟುತ್ತಿದ್ದಾಳೆ ಎಂದುಕೊಂಡಿದ್ದನಲ್ಲ, ಅವಳು ಇಷ್ಟು ವರ್ಷ ಒಂದಕ್ಷರ ಬಿಡದೆ ಕೇಳಿಸಿಕೊಂಡಿದ್ದಳು.

"ಕೋಚ್ ವಿಷಯ ನನ್ನ ಬಾಯಲ್ಲಿ ಬೇಡ," ಎಂದು ಅವನ ವಿಷಯವನ್ನೂ ಉದ್ದಕ್ಕೆ ಹೇಳಿದಳು. "ಮೇಲಿಂದ ಎರಡನೇ ಸುತ್ತಿನ ಸರದಿ ಬೇರೆ ಕೊಟ್ಟಿದಾರೆ, ನಾಚಿಕೆಗೆಟ್ಟೋರು!"

ಚೆಟ್‌ಗೆ ತಡೆಯಲಾಗಲಿಲ್ಲ. ಹತ್ತಿರ ಸರಿದು ಅವಳ ತೋಳು ಎಳೆದ. "ಎರಡನೇದಲ್ಲ ಕಣೆ, ಮೊದಲನೇ ಸುತ್ತಿಂದು," ಎಂದು ಪಿಸುಗುಟ್ಟಿದ. ಇದು ಬೈಗುಳವೋ ಬರೀ ತಿದ್ದುಪಡಿಯೋ ಎಂಬುದನ್ನು ಪಾದ್ರಿಗಳು ತೀರ್ಮಾನಿಸಲಿ.

"ನನ್ನ ಗಂಡ ಹೇಳ್ತಿದಾನೆ, ಮೊದಲನೇ ಸುತ್ತಂತೆ! ಇನ್ನೂ ನಾಚಿಕೆಗೇಡು!" ಎಂದು ಗುಡುಗಿ, ಚೆಂಡು ಒದೆಯುವ ಬಡಪಾಯಿಗೂ ಎರಡು ಬಿಗಿದು, ಅರ್ಲೀನ್ ತನ್ನ ಕುರ್ಚಿಗೆ ಮರಳಿದಳು. ಸಭಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟುತ್ತಲೇ ಇತ್ತು. ಅವಳ ಕೆನ್ನೆಗೆ ಬಣ್ಣ ಬಂದಿತ್ತು. ಚೆಟ್ ಪಕ್ಕ ಕುಳಿತು ಮೇಜಿನ ಕೆಳಗೆ ಅವಳ ಕೈ ಹಿಡಿದುಕೊಂಡ.

"ತಂಡದೋರಿಗೂ ವ್ಯಾಪಾರ ಬರಲ್ಲ, ನಿನಗೂ ಬರಲ್ಲ," ಎಂದಳು ಮೆಲ್ಲಗೆ, ಅವನಿಗೊಬ್ಬನಿಗೇ ಕೇಳಿಸುವಂತೆ. "ಈಸ್ಟರ್ ಆದ್ಮೇಲೆ ಸ್ಕ್ಯಾನ್‌ಗೆ ಹೋಗ್ತೀವಲ್ಲ, ಆವತ್ತು ಹೊರಗೆ ನಿಂತು ಯಾರ ಹತ್ರಾನೂ ಚೌಕಾಸಿ ಮಾಡ್ಬೇಡ. ಒಳಗೆ ಬಂದು ನನ್ನ ಪಕ್ಕ ನಿಂತ್ಕೋ. ನನಗೆ ಭಯ ಆಗುತ್ತೆ."

"ನನಗೂ ಆಗುತ್ತೆ," ಎಂದ ಚೆಟ್.

"ಗೊತ್ತು. ಆದ್ರೂ ಬಾ."