ಸ್ಟಾರ್ಟರ್ ಪೆಟ್ಟಿಗೆಯ ಕೀಲಿ

ಒಣದ್ರಾಕ್ಷಿ ಶೆಡ್ಡಿನಲ್ಲಿ ಎಲ್ಲರ ಎದುರು ನನ್ನ ತಂಗಿ "ತಪ್ಪು ನಂದ್ರಿ" ಎಂದು ಹೇಳಿದ ದಿನ, ತಪ್ಪು ಯಾರದೆಂದು ಗೊತ್ತಿದ್ದವನು ನಾನೊಬ್ಬನೇ. ನಾನು ಬಾಯಿ ಬಿಡಲಿಲ್ಲ. ಕಂಬಕ್ಕೆ ಒರಗಿ ನಿಂತು ಅವಳ ಕೈಗಳನ್ನು ನೋಡುತ್ತಿದ್ದೆ.

ಆ ಕೈಗಳ ಮಾತು ಮೊದಲು ಹೇಳುತ್ತೇನೆ. ಬೇಸಿಗೆಯಲ್ಲಿ ನಮ್ಮ ಕಡೆ ಒಣದ್ರಾಕ್ಷಿ ಆರಿಸುವ ಕೆಲಸ ಶುರುವಾದರೆ ಹೆಣ್ಣುಮಕ್ಕಳ ಬೆರಳುಗಳೆಲ್ಲ ಬೆಲ್ಲದ ಪಾಕ ಮುಟ್ಟಿದಂತೆ ಅಂಟಂಟಾಗುತ್ತವೆ. ಉಗುರಿನ ಸಂದಿಯಲ್ಲಿ ಕಂದು ಗೆರೆ ಕೂರುತ್ತದೆ. ನನ್ನ ತಂಗಿಯ ಕೈಯೂ ಹಾಗೆಯೇ. ಆದರೆ ಬಲಗೈಯ ತೋರುಬೆರಳು ಮಾತ್ರ ಸ್ವಚ್ಛ. ಅದನ್ನು ಮೇಲೆತ್ತಿ ಹಿಡಿದು ಉಳಿದ ಬೆರಳುಗಳಿಂದಲೇ ಕಡ್ಡಿ, ಕಪ್ಪು ಕಾಳು ಆರಿಸಿ ತೆಗೆಯುವಳು. ಜೊತೆಗಿದ್ದವರು ನಗುತ್ತಿದ್ದರು.

"ಯಾಕಬೇ, ಮಾಸ್ತರನ್ನ ಕೇಳಾಕತ್ತೀಯೇನು, ಹೊರಗ ಬಿಡ್ರಿ ಅಂತ?"

"ನಗ್ರಿ ನಗ್ರಿ. ಈ ಬೆರಳಿಗೆ ಬ್ಯಾರೇ ನೌಕರಿ ಐತಿ" ಎನ್ನುತ್ತಿದ್ದಳು ತಂಗಿ.

ನೌಕರಿ ಇದ್ದದ್ದು ನಿಜ. ಅದು ಲ್ಯಾಪ್‌ಟಾಪಿನ ಬೆರಳು.

ಅಥಣಿಯಿಂದ ಕಾಗವಾಡದ ಕಡೆ ಹೋಗುವ ದಾರಿಯ ಒಳಗೆ ನಮ್ಮ ತೋಟದ ಮನೆ. ಸುತ್ತ ಕಬ್ಬು, ನಡುವೆ ನಮ್ಮ ದ್ರಾಕ್ಷಿ. ಅಪ್ಪ ತೀರಿಕೊಂಡಾಗ ನಾನು ಏಳನೇ ಇಯತ್ತೆಯಲ್ಲಿದ್ದೆ. ಅಲ್ಲಿಗೆ ಶಾಲೆ ಬಿಟ್ಟೆ. ಬಳ್ಳಿ ನನ್ನ ಪಾಲಿಗೆ ಬಂತು, ಪುಸ್ತಕ ತಂಗಿಯ ಪಾಲಿಗೆ ಹೋಯಿತು. ಅದರ ಬಗ್ಗೆ ನನಗೆ ಎಂದೂ ಬೇಸರವಾಗಿಲ್ಲ. ಅವಳು ಅಥಣಿಯ ಕಾಲೇಜಿನಲ್ಲಿ ಬಿ.ಕಾಂ. ಮುಗಿಸಿ ಬಂದಾಗ, ನಾನೇ ಪಾಸಾದವನಂತೆ ಓಣಿಗೆಲ್ಲ ಪೇಢೆ ಹಂಚಿದೆ.

ಒಣದ್ರಾಕ್ಷಿಯನ್ನು ನಾವು ಮಣೂಕ ಅನ್ನುತ್ತೇವೆ. ಮೊದಲು ಮಣೂಕದ ಚೀಲ ಹೇರಿಕೊಂಡು ಹೋಗಿ, ಪೇಟೆಯಲ್ಲಿ ವ್ಯಾಪಾರಿಯ ಮುಖ ನೋಡುತ್ತ ನಿಲ್ಲಬೇಕಿತ್ತು. ಈಗ ಮಾದರಿ ಕಳಿಸಿದರೆ ಸಾಕು, ಹರಾಜು ಕಂಪ್ಯೂಟರಿನಲ್ಲೇ ನಡೆಯುತ್ತದೆ. ಬಂದ ದರ ತೆರೆಯ ಮೇಲೆ ಕಾಣುತ್ತದೆ. ಒಪ್ಪಿಗೆಯಿದ್ದರೆ ಸ್ವಲ್ಪ ಹೊತ್ತಿನೊಳಗೆ ಗುಂಡಿ ಒತ್ತಬೇಕು. ಹೊತ್ತು ಮೀರಿದರೆ ಮಾಲು ಮುಂದಿನ ವಾರಕ್ಕೆ ಬೀಳುತ್ತದೆ. ನಮ್ಮ ಸುತ್ತಿನ ತೋಟದವರೆಲ್ಲ ಸೇರಿ ಒಂದು ಲ್ಯಾಪ್‌ಟಾಪ್ ಕೊಂಡು, ಆ ಗುಂಡಿ ಒತ್ತುವ ಕೆಲಸವನ್ನು ನನ್ನ ತಂಗಿಗೆ ವಹಿಸಿದ್ದರು. ವರ್ಷದ ಬೆವರನ್ನು ಒಂದು ಹುಡುಗಿಯ ಬೆರಳ ತುದಿಗೆ ಕೊಡುವುದು ಸಣ್ಣ ಮಾತಲ್ಲ.

ಅವಳು ಬರೀ ಗುಂಡಿ ಒತ್ತುವವಳೂ ಆಗಿರಲಿಲ್ಲ. ಒಮ್ಮೆ ಸಾಂಗಲಿ ಕಡೆಯ ವ್ಯಾಪಾರಿಯೊಬ್ಬ ಫೋನಿನಲ್ಲಿ, ನಿಮ್ಮ ಮಾಲಿನ ಬಣ್ಣ ಮಂಕಾಗಿದೆ ಎಂದು ದರ ಜಗ್ಗತೊಡಗಿದ. ತಂಗಿ ಒಂದು ಹಿಡಿ ಮಣೂಕ ತೆಗೆದುಕೊಂಡು ಬಿಸಿಲಿಗೆ ಬಂದಳು. ವಿಡಿಯೋ ಹಚ್ಚಿ ಮರಾಠಿಯಲ್ಲೇ "ಭಾವು, ರಂಗ ಬಘಾ, ಮಗ ಬೋಲಾ" ಎಂದಳು. ಬಣ್ಣ ನೋಡಿ, ಆಮೇಲೆ ಮಾತಾಡಿ ಎಂದು. ಆತ ನಕ್ಕು ದರ ಜಗ್ಗುವುದು ಬಿಟ್ಟ. ಎದ್ದು ನಿಂತು ಚಪ್ಪಾಳೆ ಹೊಡೆಯೋಣ ಎನಿಸಿತ್ತು ನನಗೆ. ಅಣ್ಣನಾದವನು ಹಾಗೆ ಮಾಡಬಾರದೆಂದು ಸುಮ್ಮನೆ ಮೀಸೆ ಸವರಿಕೊಂಡೆ.

ಅವಳದೊಂದು ಮಾತಿತ್ತು. "ಮೊದಲ ಹತ್ತಿರದ್ದು ನೋಡು, ಆಮ್ಯಾಲ ದೂರದ್ದು." ಒಂದು ಸಲ ಡ್ರಿಪ್ ಪೈಪಿನಲ್ಲಿ ನೀರು ಬರದೆ ನಾನು ಮೋಟಾರನ್ನೇ ಮೇಲೆತ್ತಲು ಹಗ್ಗ ತಂದಿದ್ದೆ. ಅವಳು ಬಂದು ಕಾಲ ಬಳಿಯಿದ್ದ ಫಿಲ್ಟರ್ ತಿರುವಿ, ಅಂಗೈ ತುಂಬ ಪಾಚಿ ತೆಗೆದು ತೋರಿಸಿದಳು. "ತಗೋ ಅಣ್ಣಾ, ನಿನ್ನ ಮೋಟಾರಿನ ರೋಗ" ಎಂದಳು. ಏನು ಕೆಟ್ಟರೂ ಅವಳ ಕ್ರಮ ಅದೇ. ಒಂದೊಂದನ್ನೇ ನೋಡಿ, ಇದಲ್ಲ ಎಂದು ಪಕ್ಕಕ್ಕಿಟ್ಟು, ಮುಂದಿನದಕ್ಕೆ ಹೋಗುವಳು. ಸಿಟ್ಟು ಮಾಡುತ್ತಿರಲಿಲ್ಲ, ತಟ್ಟುತ್ತಿರಲಿಲ್ಲ, ಬಡಿಯುತ್ತಿರಲಿಲ್ಲ.

ಇನ್ನು ನನ್ನ ಕಥೆ. ವೈಫೈ ಡಬ್ಬಿ ಬಂದಾಗ, ಅದನ್ನು ಎಲ್ಲಿಡುವುದು ಎಂದು ಹಚ್ಚಲು ಬಂದವರು ಕೇಳಿದರು. ಪಡಸಾಲೆಯ ಗೋಡೆಗೆ ಮೋಟಾರ್ ಸ್ಟಾರ್ಟರಿನ ಕಟ್ಟಿಗೆ ಪೆಟ್ಟಿಗೆ ಇದೆ. ಹಲ್ಲಿ ಹೊಕ್ಕೀತೆಂದು ಅದಕ್ಕೆ ಬಾಗಿಲು, ಬೀಗ. ಕೀಲಿ ಯಾವಾಗಲೂ ನನ್ನ ಉಡಿದಾರದಲ್ಲಿ. ಕರೆಂಟಿನ ಸಾಮಾನೆಲ್ಲ ಒಂದೇ ಕಡೆ ಇರಲಿ ಎಂದು ಡಬ್ಬಿಯನ್ನೂ ಅದರೊಳಗೇ ಇಡಿಸಿದೆ.

ತಂಗಿ ಒಳಗಿನ ಕೋಣೆಯಲ್ಲಿ ಕೆಲಸ ಮಾಡುವಳು. ಹರಾಜಿನ ನಡುವೆ ಬಿಡುವಾದರೆ ಲ್ಯಾಪ್‌ಟಾಪಿನ ಮುಚ್ಚಳ ಹಾಕಿ, ಅವ್ವ ಹೊಲಿದುಕೊಟ್ಟ ಕೌದಿಯ ಚೀಲ ಮುಚ್ಚಿ ಶೆಡ್ಡಿಗೆ ಹೋಗುವಳು. ತೆರೆದಿಟ್ಟರೆ ಸಿಹಿ ಧೂಳಿಗೆ ಇರುವೆ ಮುತ್ತುತ್ತಿದ್ದವು. ಅವಳು ಹೊರಬಿದ್ದದ್ದು ಕಂಡರೆ ನಾನು ಪೆಟ್ಟಿಗೆ ತೆಗೆದು ಡಬ್ಬಿಯ ಸ್ವಿಚ್ ಆರಿಸುತ್ತಿದ್ದೆ. ಅವಳು ತಿರುಗಿ ಬರುವುದು ಕಂಡರೆ ಹಚ್ಚುತ್ತಿದ್ದೆ.

ಯಾಕೆಂದರೆ, ಒಮ್ಮೆ ಬಾವಿಯ ನೀರು ಕೆಳಗಿಳಿದಾಗ ನನ್ನ ಮೋಟಾರ್ ಖಾಲಿ ಓಡಿ ಸುಟ್ಟಿತ್ತು. ಆ ವಾಸನೆ ಇನ್ನೂ ಮೂಗಿನಲ್ಲಿದೆ. ನೆಟ್ ಎಳೆಯುವವರು ಇಲ್ಲದಾಗ ಡಬ್ಬಿಯೂ ಖಾಲಿ ಓಡುತ್ತದೆ, ಸುಟ್ಟುಹೋದರೆ ತಂಗಿಯ ಕೆಲಸ ನಿಲ್ಲುತ್ತದೆ ಎಂದುಕೊಂಡಿದ್ದೆ. ಅವಳಿಗೆ ಉಪಕಾರ ಮಾಡುತ್ತಿದ್ದೇನೆಂದೇ ನನ್ನ ನಂಬಿಕೆ. ಹೇಳುವಂಥ ದೊಡ್ಡ ಕೆಲಸವೆಂದು ಅನಿಸದ್ದರಿಂದ ಹೇಳಿರಲಿಲ್ಲ.

ಆ ಡಬ್ಬಿ ಹಚ್ಚಿದ ಕೂಡಲೇ ಕೆಲಸಕ್ಕೆ ಬರುವುದಿಲ್ಲ, ಚಹಾ ಕುದಿಯುವಷ್ಟು ಹೊತ್ತು ಬೇಕು ಎಂಬುದು ನನಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ಒಳಗೆ ತಂಗಿ ಮುಚ್ಚಳ ತೆಗೆದು ನೋಡಿದರೆ ವೈಫೈ ಇಲ್ಲ. ನಮ್ಮದು ಒಂಟಿ ಮನೆ, ನೆರೆಯವರ ವೈಫೈ ಹೆಸರೂ ತೆರೆಯ ಮೇಲೆ ಬರುವುದಿಲ್ಲ. ಪಟ್ಟಿಯೇ ಖಾಲಿ. ಹಾಗಾಗಿ ಅವಳಿಗೆ ಲ್ಯಾಪ್‌ಟಾಪಿನ ಕಣ್ಣೇ ಹೋದಂತೆ ಕಾಣುತ್ತಿತ್ತು. ಆರಿಸಿ ಮತ್ತೆ ಹಚ್ಚುವಳು. ಅಷ್ಟೊತ್ತಿಗೆ ಡಬ್ಬಿ ಎದ್ದಿರುತ್ತಿತ್ತು, ವೈಫೈ ಬರುತ್ತಿತ್ತು. "ಮಲಗಿ ಎದ್ದ ಮ್ಯಾಲ ಇದಕ್ಕ ದಾರಿ ಮರ್ತು ಹೋಗ್ತೈತಿ ಅಣ್ಣಾ" ಎನ್ನುತ್ತಿದ್ದಳು. ನಾನು ಹೂಂಗುಟ್ಟುತ್ತಿದ್ದೆ.

ಅಂದು ನೆರೆಯ ತೋಟದ ಕಾಕಾನ ಮಣೂಕ ಹರಾಜಿಗಿತ್ತು. ಕಾಕಾ ಜೈನರ ಹಿರಿಯರು, ನಮ್ಮ ಅಪ್ಪನ ಗೆಳೆಯರು. ಮಾತು ಮೆಣಸಿನಕಾಯಿ, ಮನಸ್ಸು ಹಾಗಲ್ಲ. ತಂಗಿ ಮುಚ್ಚಳ ಹಾಕಿ ಶೆಡ್ಡಿಗೆ ಹೋದಳು. ನಾನು ಎಂದಿನಂತೆ ಡಬ್ಬಿ ಆರಿಸಿ ಬೀಗ ಹಾಕಿದೆ. ಅಷ್ಟರಲ್ಲಿ ಕೆಳಗಿನ ತೋಟದಲ್ಲಿ ಪೈಪ್ ಒಡೆದಿದೆ ಎಂದು ಫೋನ್ ಬಂತು. ಗಾಡಿ ಹತ್ತಿ ಹೋದೆ. ಕೀಲಿ ನನ್ನ ಉಡಿದಾರದಲ್ಲೇ ಹೋಯಿತು.

ತಿರುಗಿ ಬಂದು ಪೆಟ್ಟಿಗೆ ತೆಗೆದು ಸ್ವಿಚ್ ಹಚ್ಚಿದೆ. ಸ್ವಲ್ಪ ಹೊತ್ತಿಗೆ ಒಳಗಿನಿಂದ ತಂಗಿಯ ದನಿ ಕೇಳಿತು. "ಈಗ ಬಂತು ನೋಡವ್ವಾ! ಎಲ್ಲಾ ಮುಗದ ಮ್ಯಾಲ ಈಗ ಬಂತು!"

ಅವ್ವ ಪಡಸಾಲೆಗೆ ಬಂದು ಹೇಳಿದಳು: ತಂಗಿ ಲ್ಯಾಪ್‌ಟಾಪ್ ಆರಿಸಿ ಹಚ್ಚಿದಳಂತೆ, ವೈಫೈ ಹೆಸರು ಅಳಿಸಿ ಹೊಸದಾಗಿ ಬರೆದಳಂತೆ, ಕೊನೆಗೆ ಲ್ಯಾಪ್‌ಟಾಪ್ ಅಪ್ಪಿಕೊಂಡು ಮೊಬೈಲಿನ ನೆಟ್ ಸಿಗುವ ಮಾಳಿಗೆಗೆ ಓಡಿದಳಂತೆ. ಅಷ್ಟರಲ್ಲಿ ಹೊತ್ತು ಮೀರಿತ್ತು. ನಾನು ತೆರೆದ ಪೆಟ್ಟಿಗೆಯ ಮುಂದೆಯೇ ನಿಂತಿದ್ದೆ. ಎಲ್ಲ ತಿಳಿಯಿತು. ಸದ್ದಾಗದಂತೆ ಬೀಗ ಹಾಕಿದೆ. ನನ್ನ ನಿಜವಾದ ತಪ್ಪು ಆ ಬೀಗ. ಅದಕ್ಕಿಂತ ಮೊದಲಿನದೆಲ್ಲ ದಡ್ಡತನ.

ಕಾಕಾ ಹೊತ್ತು ಮುಳುಗುವ ಮೊದಲೇ ಉಣ್ಣುವವರು, ಹಾಗಾಗಿ ನಮ್ಮ ಶೆಡ್ಡಿನ ಮಾತುಕತೆಗಳೆಲ್ಲ ಇಳಿಹೊತ್ತಿಗೇ ನಡೆಯುತ್ತವೆ. ಅಂದೂ ಎಲ್ಲರೂ ಸೇರಿದರು.

"ಒಳ್ಳೆ ದರ ಬಂದಿತ್ತಂತಲ್ಲವಾ. ಎಲ್ಲಿದ್ದಿ? ಮಲಗಿದ್ದೇನು?" ಎಂದರು ಕಾಕಾ.

"ಲ್ಯಾಪ್‌ಟಾಪ್ ಮಲಗಿತ್ರಿ ಕಾಕಾ. ಎಬ್ಬಿಸಿದ್ರೂ ನೆಟ್ ಬರ್ಲಿಲ್ಲ."

"ಎಮ್ಮಿ ಮಲಗಿದ್ರ ಬಾಲ ತಿರುವಿ ಎಬ್ಬಸಬಹುದು. ನಿನ್ನ ಲ್ಯಾಪ್‌ಟಾಪಿಗೆ ಬಾಲ ಎಲ್ಲೈತಿ?"

ಎಲ್ಲರೂ ನಕ್ಕರು. ಯಾರೋ ಹಿಂದಿನಿಂದ, ಹೆಣ್ಣಮಕ್ಕಳ ಕೈಯಾಗ ಕೊಟ್ರ ಹಿಂಗ ಆಗೂದು ಎಂದರು. ಆಗಲೇ ಅವಳು ಹೇಳಿದ್ದು, "ತಪ್ಪು ನಂದ್ರಿ" ಎಂದು. ಆ ಸ್ವಚ್ಛ ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡಿದ್ದಳು.

ರಾತ್ರಿ ಊಟಕ್ಕೆ ಕೂತಾಗ ಅವಳೇ ಮಾತು ತೆಗೆದಳು. "ಅಣ್ಣಾ, ಲ್ಯಾಪ್‌ಟಾಪಿನೊಳಗ ಒಬ್ಬ ಜಿಪುಣ ಇರ್ತಾನ. ಮುಚ್ಚಳ ಹಾಕಿದ ಕೂಡ್ಲೇ ಕರೆಂಟ್ ಉಳಸಾಕಂತ ವೈಫೈ ಆರಸ್ತಾನ. ಮುಚ್ಚಳ ತಗದ್ರ ಹಚ್ಚೂದು ಮರೀತಾನ."

ನಾನು ಮುರಿದ ರೊಟ್ಟಿಯನ್ನು ತಟ್ಟೆಗೇ ಇಟ್ಟೆ. "ಮತ್ತ ಅವನ್ನ ಏನ್ ಮಾಡ್ತಾರ?" ಎಂದೆ.

"ಸೆಟ್ಟಿಂಗ್‌ನಾಗ ಒಂದು ಟಿಕ್ ಇರ್ತೈತಿ, ಅದನ್ನ ತಗದ್ರ ಆತು. ನಾ ಅವನ್ನ ಯಾವಾಗೋ ಕೆಲಸದಿಂದ ತಗದೀನಿ. ವೈಫೈ ನಡಸೂ ಸಾಫ್ಟ್‌ವೇರ್, ಡ್ರೈವರ್ ಅಂತಾರ, ಅದನ್ನೂ ತಗದು ಹೊಸದು ಹಾಕೀನಿ. ಆದ್ರೂ ಯಾರೋ ಆರಸಾಕತ್ತಾರ."

ಅವ್ವ ನಕ್ಕಳು. ನಾನು ತಲೆ ಎತ್ತಲಿಲ್ಲ. ಮೊದಲು ಹತ್ತಿರದ್ದು ನೋಡು ಎನ್ನುವವಳು, ಅಷ್ಟು ಹತ್ತಿರ ಕೂತಿದ್ದ ನನ್ನನ್ನು ನೋಡಲಿಲ್ಲ. ಡಬ್ಬಿ ಅಣ್ಣನ ಬೀಗದೊಳಗಿದೆ, ಅದಕ್ಕೇನು ಆಗುತ್ತದೆ ಎಂಬ ಧೈರ್ಯ ಅವಳದು. ಅಣ್ಣನನ್ನು ಸಂಶಯಪಡುವುದು ಅವಳ ಕ್ರಮದಲ್ಲಿ ಇರಲಿಲ್ಲ.

ಮರುದಿನದಿಂದ ನಾನು ಸ್ವಿಚ್ ಮುಟ್ಟಲಿಲ್ಲ. ಅಷ್ಟಕ್ಕೆ ಎಲ್ಲ ಸರಿಹೋಗುತ್ತದೆ, ಯಾರಿಗೂ ಏನೂ ಹೇಳಬೇಕಿಲ್ಲ ಎಂದುಕೊಂಡೆ. ವೈಫೈ ಸರಿಹೋಯಿತು ಕೂಡ. ಮುಚ್ಚಳ ಹಾಕಿದಳು, ತೆಗೆದಳು, ಮತ್ತೆ ಹಾಕಿದಳು. ಪ್ರತಿ ಸಲವೂ ಬಂತು. ಆದರೆ ಅವಳ ಮುಖ ಅರಳಲಿಲ್ಲ. ಲ್ಯಾಪ್‌ಟಾಪನ್ನು ಅಥಣಿಯ ರಿಪೇರಿ ಅಂಗಡಿಗೆ ಒಯ್ದಳು. ಬೈಕಿನಲ್ಲಿ ಕರೆದುಕೊಂಡು ಹೋದವನು ನಾನೇ. ಇದಕ್ಕೇನೂ ಆಗಿಲ್ಲ ಎಂದು ಅವರು ಹಿಂದಕ್ಕೆ ಕೊಟ್ಟರು.

ಬರುವ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರೊಂದು ಮುಂದೆ ಹೋಗುತ್ತಿತ್ತು. ಅದರ ಹಿಂದೆ ನಿಧಾನ ಹೋಗುವಾಗ ನಾನು ಹೇಳಿದೆ, "ಈಗ ಛಲೋ ಆಗೈತಲ್ಲ, ಬಿಡು."

"ಹೆಂಗ ಬಿಡ್ಲಿ? ಯಾಕ ಛಲೋ ಆತು ಅಂತ ಗೊತ್ತಿಲ್ಲದ್ದು ಛಲೋ ಆದಂಗಲ್ಲ ಅಣ್ಣಾ. ಕಾಕಾನ ಮಾಲಿನ ದಿನ ಮತ್ತ ಹಂಗ ಆದ್ರ? ಮಂದೀಗೆ ಏನಂತ ಮಾತು ಕೊಡ್ಲಿ?" ಚೀಲವನ್ನು ಮಡಿಲಿಗೆ ಎಳೆದುಕೊಂಡಳು. "ಮಶೀನ್‌ದು ತಪ್ಪಿಲ್ಲ ಅಂದ್ರ ನಂದ ಏನೋ ತಪ್ಪಾಗಾಕತ್ತೈತಿ. ನನಗ ಕಾಣವಲ್ದು."

ನಾನು ಎಷ್ಟು ಕೆಟ್ಟದ್ದು ಮಾಡಿದ್ದೇನೆಂದು ಆಗ ಅರ್ಥವಾಯಿತು. ಸ್ವಿಚ್ ಮುಟ್ಟದಿದ್ದರೆ ಸಾಕೆಂದುಕೊಂಡಿದ್ದೆ. ಕಾರಣ ತಿಳಿಯದೆ ಯಾರಿಗೂ ಭರವಸೆ ಕೊಡದ ಹುಡುಗಿ ಅವಳು. ಆ ಕಾರಣವನ್ನೇ ನಾನು ಬಚ್ಚಿಟ್ಟು ಕೂತಿದ್ದೆ. ಇಷ್ಟಾದರೂ, ನಾಚಿಕೆಯ ನಡುವೆಯೂ ಒಂದು ಹೆಮ್ಮೆ ಎದೆಯಲ್ಲಿ ಎದ್ದಿತು. ಬೇರೆಯವರಾಗಿದ್ದರೆ ಸರಿಹೋಯಿತೆಂದು ಸುಮ್ಮನಿರುತ್ತಿದ್ದರು. ಇವಳು ನನ್ನ ತಂಗಿ, ಸುಮ್ಮನಿರಲಿಲ್ಲ.

ಮುಂದಿನ ಹರಾಜಿನಲ್ಲಿ ಕಾಕಾನ ಮಾಲು ಹೋಯಿತು, ಇಳಿದ ದರಕ್ಕೆ. ಇಳಿಹೊತ್ತಿಗೆ ಮತ್ತೆ ಶೆಡ್ಡಿನಲ್ಲಿ ಸೇರಿದೆವು. ಕಾಕಾ ಈ ಸಲ ಬೈಯಲಿಲ್ಲ. ತಂಗಿಯೇ ಎದ್ದು ನಿಂತಳು. ಲ್ಯಾಪ್‌ಟಾಪು ಕೌದಿಯ ಚೀಲದೊಳಗೇ ಇತ್ತು. ಅದನ್ನು ಎರಡೂ ಕೈಯಿಂದ ಕಾಕಾನ ಮುಂದೆ ಇಟ್ಟಳು.

"ಅವತ್ತ ಯಾಕ ಹಂಗಾತು ಅಂತ ನನಗ ಇನ್ನೂ ತಿಳದಿಲ್ರಿ. ತಿಳೀದ ನಿಮ್ಮ ಮಾಲು ಕೈಯಾಗ ಹಿಡಿಯಾಕ ನನಗ ಮನಸಿಲ್ಲ. ಬ್ಯಾರೇದವ್ರಿಗೆ ವಹಿಸ್ರಿ. ಕಲಿಸಿಕೊಡೂದು ನನಗಿರ್ಲಿ."

"ಹುಚ್ಚಿ, ಒಮ್ಮೆ ತಪ್ಪಿದ್ದಕ್ಕ ಯಾರರ ಹಿಂಗ ಮಾಡ್ತಾರೇನು?" ಎಂದರು ಕಾಕಾ. ಆದರೂ ಚೀಲವನ್ನು ಹಿಂದಕ್ಕೆ ಸರಿಸಲಿಲ್ಲ. ಅವರ ಕಣ್ಣು ಆಗಲೇ ಬೇರೆ ಹುಡುಗರನ್ನು ಹುಡುಕುತ್ತಿತ್ತು.

ಕಂಬ ಬಿಟ್ಟು ನಾನು ಮುಂದೆ ಬಂದೆ. ಉಡಿದಾರದಿಂದ ಕೀಲಿ ಬಿಚ್ಚಲು ಹೋದೆ. ಗಂಟು ಬಿಗಿದು ಬರಲೊಲ್ಲದು. ದಾರ ಹರಿದೇ ತೆಗೆದೆ.

"ಏನೋ ಅದು?" ಎಂದರು ಕಾಕಾ.

"ಸ್ಟಾರ್ಟರ್ ಪೆಟ್ಟಿಗಿ ಕೀಲಿರಿ. ವೈಫೈ ಡಬ್ಬಿ ಅದರಾಗ ಐತಿ. ಇಕಿ ಮುಚ್ಚಳ ಹಾಕಿ ಎದ್ದಾಗೆಲ್ಲ ನಾನ ಅದನ್ನ ಆರಸ್ತಿದ್ದೆ. ಮೋಟಾರ್‌ಗತೆ ಖಾಲಿ ಓಡಿ ಸುಟ್ಟೀತು ಅಂತ. ಅವತ್ತೂ ಆರಿಸಿ ಬೀಗ ಹಾಕ್ಕೊಂಡು ಹೋಗಿದ್ದೆ. ಲ್ಯಾಪ್‌ಟಾಪಿಂದೂ ತಪ್ಪಿಲ್ಲ, ಇಕಿದೂ ತಪ್ಪಿಲ್ಲ. ನಿಮ್ಮ ದರ ಕಳದವ ನಾನ್ರಿ ಕಾಕಾ. ಅವತ್ತ ಇಲ್ಲೇ ನಿಂತು ಸುಮ್ಮನಿದ್ದೆ."

ಯಾರೂ ನಗಲಿಲ್ಲ. ಕಾಕಾ ಚೀಲವನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಆಮೇಲೆ ಚೀಲವನ್ನು ಮೆಲ್ಲಗೆ ತಂಗಿಯ ಕಡೆ ತಳ್ಳಿದರು.

ತಂಗಿ ನನ್ನನ್ನೇ ನೋಡುತ್ತಿದ್ದಳು. ಸಿಟ್ಟಿತ್ತೋ ಇಲ್ಲವೋ ಹೇಳಲಾರೆ. ಕಗ್ಗಂಟೊಂದು ಬಿಚ್ಚಿಕೊಂಡಾಗ ಅವಳ ಹುಬ್ಬು ಸಡಿಲಾಗುತ್ತದೆ. ಅದಂತೂ ಸಡಿಲಾಗಿತ್ತು. "ಅಷ್ಟ ಏನು?" ಎಂದಳು ಮೆಲ್ಲಗೆ. "ಅಷ್ಟ ಅಂತ ಅವತ್ತ ಹೇಳಿದ್ರ ಆಗ್ತಿತ್ತಲ್ಲ ಅಣ್ಣಾ."

ನಾನು ಅವಳ ಬಲಗೈ ಹಿಡಿದು, ಅಂಗೈಯಲ್ಲಿ ಕೀಲಿ ಇಟ್ಟು, ಆ ಸ್ವಚ್ಛ ಬೆರಳನ್ನು ಅದರ ಮೇಲೆ ಮಡಚಿದೆ. ಹಿರಿಯನಾದ ನಾನು ಕಿರಿಯಳಿಗೆ ಈ ಮಾತನ್ನು ಹಿಂದೆಂದೂ ಹೇಳಿರಲಿಲ್ಲ. ಶೆಡ್ಡಿನ ಕೊನೆಯಲ್ಲಿ ಕೂತವರಿಗೂ ಕೇಳುವಂತೆ ಹೇಳಿದೆ.

"ನಂದ ತಪ್ಪಾತ ತಂಗಿ. ನಿನ್ನ ಮುಂದ ಮುಚ್ಚಿಟ್ಟೆ, ಮಂದಿ ಮುಂದ ಸುಮ್ಮನಿದ್ದೆ. ಎರಡಕ್ಕೂ ಮಾಫ್ ಮಾಡವ್ವಾ."